ದೆಹಲಿಯ ಅಗ್ಗದ ಕಾರು ಬೆಂಗಳೂರಿಗೆ ತಂದರೆ ಲಾಭವೇ?

‘ದೆಹಲಿಯಲ್ಲಿ ಡೀಸೆಲ್ ಕಾರು ಅರ್ಧ ಬೆಲೆಗೆ, ತಂದು ಬೆಂಗಳೂರಿನಲ್ಲಿ ಓಡಿಸಿ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧಸತ್ಯ.

ಅಲ್ಲಿ ಹಳೆಯ ಕಾರು ಅಗ್ಗವಾಗಿದ್ದು ನಿಜ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಭಯಕ್ಕೇ ಎಷ್ಟೋ ಜನ ಮಾರಿದರು.

ಸಂದೇಶದಲ್ಲಿ ಇಲ್ಲದಿರುವುದು ತೆರಿಗೆಯ ಮಾತು. ಕಾರು ನಿಮ್ಮ ಹೆಸರಿಗೆ ಬಂದು ಕೆಎ ನಂಬರ್ ಸಿಗಬೇಕಾದರೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಇದರ ಲೆಕ್ಕ ನೀವು ಕೊಟ್ಟ ಹಣದ ಮೇಲಲ್ಲ. ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ. 3 ಲಕ್ಷಕ್ಕೆ ಸಿಕ್ಕ ದುಬಾರಿ ಎಸ್‌ಯುವಿಯ ಲಾಭವೆಲ್ಲ ಇಲ್ಲೇ ಕರಗಬಹುದು. ದೆಹಲಿ ನಂಬರಿನಲ್ಲೇ ಓಡಿಸೋಣವೆಂದರೆ, 12 ತಿಂಗಳು ಮೀರಿದರೆ ಮರುನೋಂದಣಿ ಕಡ್ಡಾಯ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಒದಲ್ಲಿ ತೆರಿಗೆ ಎಷ್ಟೆಂದು ಕೇಳಿ. ಅಲ್ಲಿನ ಎನ್‌ಒಸಿ, ಅಂದರೆ ಫಾರ್ಮ್ 28, ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ ಎಂಬುದು ನಮ್ಮ ಸಲಹೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಫಾರ್ಮ್ 35 ಕೇಳಿ. ಚಾಸಿ ನಂಬರನ್ನು ಕಾರಿನ ಮೇಲೆ ಕೊರೆದಿರುವುದರ ಜೊತೆ ನೀವೇ ತಾಳೆ ನೋಡಿ, ಫೋಟೊ ನಂಬಬೇಡಿ.