ಮುಲ್ಕಿ ಪಾಸಾದವರ ಇಂಗ್ಲಿಷ್

ಇಂಗ್ಲಿಷಿನ ಕಠಿಣ ಪದ ಕಲಿಯುವುದು ಈಗ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ದಿನದ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದಿನಕ್ಕಿಷ್ಟು ಪದ ಅಂತ ಲೆಕ್ಕ ಇಟ್ಟು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಎಷ್ಟು ಉಳಿಯಿತು ಎಂಬುದು ಅವರಿಗೇ ಗೊತ್ತು. ಸುಮಾರು ನೂರು ವರ್ಷದ ಹಿಂದೆ ಇದೇ ಸೀಮೆಯಲ್ಲಿ, ಯಾವ ಪರೀಕ್ಷೆಯ ಹಂಗೂ ಇಲ್ಲದೆ, ಇದಕ್ಕಿಂತ ಬಿರುಸಾದ ಇಂಗ್ಲಿಷಿನ ಬೆನ್ನು ಹತ್ತಿದವರಿದ್ದರು. ಅವರ ಕಥೆ ಇವತ್ತಿಗೂ ಕೆಲಸಕ್ಕೆ ಬರುವಂಥದ್ದು.

ಚಡಚಣದ ಹತ್ತಿರದ ಹಲಸಂಗಿ ಆಗ ಇಂಡಿ ತಾಲೂಕಿನ ಒಂದು ಹಳ್ಳಿ. ಖಾಜಾಭಾಯಿಯ ಲಾವಣಿಗಳಿಂದ ಹೆಸರಾದ ಊರು. ಅಲ್ಲಿ ಕೂಡಿದ ಗೆಳೆಯರ ಗುಂಪಿನ ನಡುವೆ ಇದ್ದವರು ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಕವಿ ಮಧುರಚೆನ್ನ (1903–1953). ಜೊತೆಗೆ ಚಡಚಣದಲ್ಲೇ 1905ರಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ.

ಮಧುರಚೆನ್ನರ ಸಾಲಿ ಕಲಿಕೆ ಮುಲ್ಕಿಗೆ ನಿಂತಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡ ಸಾಲಿಯ ಏಳನೆಯ ಇಯತ್ತೆ ಮುಗಿಸಿದವರು ಬರೆಯುತ್ತಿದ್ದ ಪರೀಕ್ಷೆಗೆ ಮುಲ್ಕಿ ಅನ್ನುತ್ತಿದ್ದರು. ಅದು ಪಾಸಾದರೆ ಹಳ್ಳಿಯ ಕನ್ನಡ ಸಾಲಿ ಮಾಸ್ತರಕಿಯೋ, ತಲಾಠಿ ಕೆಲಸವೋ ಸಿಗುವ ಆಸೆ ಇತ್ತು. ಆದರೆ ಆ ದಾರಿಯಲ್ಲಿ ಇಂಗ್ಲಿಷ್ ಇರಲಿಲ್ಲ. ಇಂಗ್ಲಿಷ್ ಬೇಕೆಂದರೆ ಪಟ್ಟಣದ ಆಂಗ್ಲೋ ವರ್ನಾಕ್ಯುಲರ್ ಸಾಲಿ, ಹೈಸ್ಕೂಲು ಅಂತ ಬೇರೆ ದಾರಿ ಹಿಡಿಯಬೇಕು. ಅದಕ್ಕೆ ಊರು ಬಿಡಬೇಕು, ಫೀ ತುಂಬಬೇಕು. ಹೀಗೆ ಮುಲ್ಕಿಯ ಬಾಗಿಲಲ್ಲೇ ಹಳ್ಳಿಯ ಮಕ್ಕಳ ಪಾಲಿಗೆ ಇಂಗ್ಲಿಷ್ ಮುಗಿದುಹೋಗುತ್ತಿತ್ತು.

ಮಧುರಚೆನ್ನ ಆ ಬಾಗಿಲು ದಾಟಿದ್ದು ಸ್ವಂತ ಓದಿನಿಂದ. ಅವರಿಗೆ ಬೇಕಾಗಿದ್ದದ್ದು ಕಚೇರಿಯ ಇಂಗ್ಲಿಷ್ ಅಲ್ಲ, ಶ್ರೀ ಅರವಿಂದರ ಇಂಗ್ಲಿಷ್. ಅರವಿಂದರು ಏಳು ವರ್ಷದವರಿದ್ದಾಗ, 1879ರಲ್ಲಿ, ಇಂಗ್ಲೆಂಡಿಗೆ ಹೋದವರು. ಗ್ರೀಕ್, ಲ್ಯಾಟಿನ್ ಕಲಿತು, ಕೇಂಬ್ರಿಜ್‌ನಲ್ಲಿ ಓದಿ, 1893ರಲ್ಲಿ ಮರಳಿದರು. ಪಾಂಡಿಚೇರಿಯಿಂದ 1914ರಿಂದ 1921ರವರೆಗೆ ನಡೆಸಿದ 'ಆರ್ಯ' ಪತ್ರಿಕೆಯಲ್ಲಿ ಅವರ ಮುಖ್ಯ ಗದ್ಯಗ್ರಂಥಗಳು ಕಂತುಕಂತಾಗಿ ಬಂದವು. ಆ ಗದ್ಯದಲ್ಲಿ ಒಂದು ವಾಕ್ಯ ಹಲವು ಸಾಲು ಬೆಳೆಯುತ್ತದೆ. ಪದಗಳು ಹೆಚ್ಚಾಗಿ ಲ್ಯಾಟಿನ್ ಮೂಲದವು. ಬಿ.ಎ. ಮಾಡಿದವರೂ ಎರಡು ಸಲ ಓದಬೇಕಾದ ಭಾಷೆ ಅದು.

ಆ ಕಾಲದಲ್ಲಿ ನೆರವಿಗೆ ಏನಿತ್ತು? ಬಳ್ಳಾರಿಯ ಮಿಶನರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶ ತಂದಿದ್ದರು. ಮಂಗಳೂರಿನ ಬಾಸೆಲ್ ಮಿಶನ್ 1876ರಲ್ಲಿ ಝೀಗ್ಲರ್ ಅವರ ಶಾಲಾಕೋಶ ಅಚ್ಚು ಹಾಕಿತ್ತು. 1894ರ ಕಿಟ್ಟೆಲ್ ಕೋಶ ದೊಡ್ಡದು, ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಇಂಗ್ಲಿಷ್ ಓದುವವನಿಗೆ ನೇರವಾಗಿ ಉಪಯೋಗವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂದದ್ದು 1946ರಲ್ಲಿ. ಅಷ್ಟು ಹೊತ್ತಿಗೆ ಮಧುರಚೆನ್ನರಿಗೆ ನಲವತ್ತು ದಾಟಿತ್ತು.

ಆದರೆ ಕೋಶದಲ್ಲಿ ಸಿಗದ ಒಂದು ನೆರವು ನಮ್ಮ ನೆಲದಲ್ಲಿತ್ತು. ಅರವಿಂದರ ಬರಹದಲ್ಲಿ ಮತ್ತೆ ಮತ್ತೆ ಬರುವ 'ಇನೆಫಬಲ್' ಪದವನ್ನೇ ನೋಡಿ. ಮಾತಿಗೆ ನಿಲುಕದ್ದು ಅಂತ ಅರ್ಥ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ, ವಚನ ಮತ್ತು ತತ್ವಪದ ಕೇಳುತ್ತ ಬೆಳೆದವರಿಗೆ ಈ ಪದ ಹೊಸದಿರಬಹುದು, ಅರ್ಥ ಹಳೆಯದು. 'ಸೂಪರ್‌ಮೈಂಡ್' ಕನ್ನಡಕ್ಕೆ 'ಅತಿಮಾನಸ' ಆಗಿ ಬಂತು.

ಹಳೆಯ ಇಂಗ್ಲಿಷಿನ 'ದೌ' ಇನ್ನೊಂದು ಉದಾಹರಣೆ. ಇಂಗ್ಲಿಷರು ದಿನದ ಮಾತಿನಲ್ಲಿ ಬಹುಮಟ್ಟಿಗೆ ಬಿಟ್ಟು ಶತಮಾನಗಳೇ ಆದರೂ ಪ್ರಾರ್ಥನೆಯಲ್ಲಿ, ಕಾವ್ಯದಲ್ಲಿ ಉಳಿಸಿಕೊಂಡ ಪದ ಇದು. 1950–51ರಲ್ಲಿ ಎರಡು ಸಂಪುಟವಾಗಿ ಬಂದ ಅರವಿಂದರ 'ಸಾವಿತ್ರಿ' ಕಾವ್ಯದಲ್ಲೂ ಇದೆ. ಈಗಿನ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ 'ಯೂ' ಒಂದೇ. ಹೀಗಾಗಿ 'ದೌ' ಅಂದರೆ ಇಂದಿನ ಇಂಗ್ಲಿಷರಿಗೆ ದೂರದ, ಗಂಭೀರ ಪದ. ನಮಗೆ ಅದು ಬರೀ 'ನೀ'. ಹಡೆದವ್ವನನ್ನೂ ಕೂಡಲಸಂಗಮನನ್ನೂ ಏಕವಚನದಲ್ಲಿ ಕರೆಯುವ ಭಾಷೆಯವರಿಗೆ ಆ ಪದದ ಸಲಿಗೆ ಬೇಗ ತಿಳಿಯುತ್ತದೆ.

ಇಷ್ಟು ದೊಡ್ಡ ಇಂಗ್ಲಿಷಿಗೆ ಕೈಹಾಕಿದ ಗುಂಪು ಅದೇ ವರ್ಷಗಳಲ್ಲಿ ಮಾಡಿದ ಇನ್ನೊಂದು ಕೆಲಸವನ್ನು ಕನ್ನಡ ನಾಡು ಮರೆತಿಲ್ಲ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. 1933ರಲ್ಲಿ ಲಾವಣಿಗಳ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಓದು ಬರಹ ಬಾರದ ತಾಯಂದಿರ ಮಾತು ಅಚ್ಚಿನ ಪುಸ್ತಕವಾಯಿತು. ಇಂಗ್ಲಿಷ್ ಕಲಿತರೆ ಊರ ಮಾತು ಕೀಳಾಗಿ ಕಾಣುತ್ತದೆ ಎಂಬ ಹೆದರಿಕೆ ಇವರ ಮಟ್ಟಿಗೆ ಸುಳ್ಳಾಯಿತು. ಒಂದು ಭಾಷೆಯಲ್ಲಿ ಪದವನ್ನು ತೂಗಿ ನೋಡುವ ರೂಢಿ ಬಿದ್ದವರಿಗೆ ಇನ್ನೊಂದರ ತೂಕವೂ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರವೂ ಬೇಕು. ಮಧುರಚೆನ್ನರ ಹೆಸರು ಹೇಳಿ, 'ಮನಸ್ಸಿದ್ದರೆ ಯಾರಾದರೂ ಕಲಿಯಬಹುದು' ಅಂತ ಸರಕಾರಿ ಸಾಲಿಗೆ ಇಂಗ್ಲಿಷ್ ಶಿಕ್ಷಕರನ್ನು ಕೊಡದೆ ಇರುವುದು ಸರಿಯಲ್ಲ. ಮುಲ್ಕಿ ಮುಗಿಸಿದ ಎಷ್ಟೋ ಜಾಣರಿಗೆ ಆ ಬಾಗಿಲು ತೆರೆಯಲೇ ಇಲ್ಲ. ಒಬ್ಬರು ಗೋಡೆ ಹತ್ತಿ ದಾಟಿದರು ಅಂತ ಗೋಡೆಯನ್ನು ಹೊಗಳಬೇಕಾಗಿಲ್ಲ.

ಪದ ಬಾಯಿಪಾಠ ಮಾಡುವ ನಮ್ಮ ಹುಡುಗರಿಗೆ ಹಲಸಂಗಿಯಿಂದ ಸಿಗುವುದು ಬೇರೆ ಮಾತು. ಗೆಳೆಯರು ಮೊದಲು ಪದ ಕಲಿತು, ಆಮೇಲೆ ಓದಲು ಪುಸ್ತಕ ಹುಡುಕಿದವರಲ್ಲ. ಓದಲೇಬೇಕೆಂಬ ಪುಸ್ತಕ ಮೊದಲಿತ್ತು, ಪದಗಳು ಅದರ ಹಿಂದೆ ಬಂದವು. ಹಾಗೆ ಕಲಿತದ್ದನ್ನು ಮತ್ತೆ ಕನ್ನಡದಲ್ಲಿ ಹೇಳಿಕೊಳ್ಳುವ ಗೆಳೆಯರು ಊರಲ್ಲೇ ಇದ್ದರು. ದಿನಕ್ಕಿಷ್ಟು ಪದ ಅನ್ನುವ ಲೆಕ್ಕದಲ್ಲಿ ಇಲ್ಲದೇ ಇರುವುದು ಈ ಎರಡು: ಬೇಕಾದ ಒಂದು ಪುಸ್ತಕ, ಕೇಳಿಸಿಕೊಳ್ಳುವ ಒಬ್ಬ ಗೆಳೆಯ.