ಐದು ಮಿಲಿಆಂಪಿಯರ್: ಹಿತ್ತಲಿನ ಬಿಸಿನೀರ ತೊಟ್ಟಿಯ ಚರಿತ್ರೆ

ಅಮೆರಿಕದ ಬಹಳಷ್ಟು ಮನೆಗಳ ಹಿಂಬದಿಗೆ ಮರದ ಹಲಗೆಗಳಿಂದ ಮಾಡಿದ ಒಂದು ತೆರೆದ ಜಗಲಿ ಇರುತ್ತದೆ. ಅಲ್ಲಿನವರು ಅದನ್ನು ಡೆಕ್ ಎನ್ನುತ್ತಾರೆ. ಅದರ ಮೇಲೆ ಒಂದು ಹಾಟ್ ಟಬ್ ತಂದು ಕೂರಿಸೋಣ ಎಂದು ಮನೆಯವರು ಹೊರಟರೆ, ತೊಟ್ಟಿ ಬರುವ ಮೊದಲೇ ಒಂದಷ್ಟು ಅಂಕಿಗಳು ಬಂದು ಬಾಗಿಲಲ್ಲಿ ನಿಲ್ಲುತ್ತವೆ. ವೈರು ಹಾಯುವ ಪಿವಿಸಿ ಪೈಪು ನೆಲದೊಳಗೆ 18 ಇಂಚು ಆಳದಲ್ಲಿರಬೇಕು. ಕರೆಂಟು ಪೂರ್ತಿ ಕಡಿದುಹಾಕುವ ಸ್ವಿಚ್ಚು ನೀರಿನಿಂದ ಕನಿಷ್ಠ 5 ಅಡಿ ದೂರವಿರಬೇಕು, ಆದರೆ ತೊಟ್ಟಿಯ ಬಳಿಯಿಂದ ಕಣ್ಣಿಗೆ ಬೀಳುತ್ತಿರಬೇಕು. 6 ಅಡಿಯೊಳಗೆ ಯಾವ ಪ್ಲಗ್ ಪಾಯಿಂಟೂ ಕೂಡದು. ಇವೆಲ್ಲಕ್ಕಿಂತ ಚಿಕ್ಕದಾದ ಇನ್ನೊಂದು ಅಂಕಿಯಿದೆ: ಸುಮಾರು 5 ಮಿಲಿಆಂಪಿಯರ್ ಕರೆಂಟು ಸೋರಿದರೂ ಸಾಕು, ಇಡೀ ತೊಟ್ಟಿಗೆ ವಿದ್ಯುತ್ತು ನಿಲ್ಲಬೇಕು.

ಹೊರನೋಟಕ್ಕೆ ಇವು ಎಲೆಕ್ಟ್ರಿಷಿಯನ್ನನ ಚೀಟಿಯಲ್ಲಿರುವ ಒಣ ಸಂಖ್ಯೆಗಳು. ಆದರೆ ಆ 5 ಎನ್ನುವ ಅಂಕಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಒಬ್ಬ ಕಾಯಿಲೆಯ ಮಗು, ಒಂದು ಬಿದ್ದ ವಿಮಾನ, ಉಪ್ಪುನೀರಿನಲ್ಲಿ ನೆನೆದ ಕೈಯಲ್ಲಿ ತಂತಿ ಹಿಡಿದು ನಿಂತ ನೂರಾರು ಜನ ಎದುರಾಗುತ್ತಾರೆ. ಬಿಸಿನೀರಿನ ಸುಖಕ್ಕೂ ಆ ಚಿಕ್ಕ ಅಂಕಿಗೂ ಇರುವ ನಂಟೇ ಈ ಬರಹದ ವಸ್ತು.

ಬಿಸಿನೀರಿನಲ್ಲಿ ಮೈ ಅದ್ದಿ ಕೂರುವ ಆಸೆ ಹೊಸದಲ್ಲ. ಜಪಾನಿನವರಿಗೆ ಮರದ ಆಳವಾದ ತೊಟ್ಟಿಯ ಫುರೋ ಇತ್ತು. ನಮ್ಮ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಸಲ್ಲುತ್ತಿತ್ತು. ಹಂಡೆಯ ಏರ್ಪಾಡಿನಲ್ಲಿ ಒಂದು ವಿಷಯ ಗಮನಿಸಬೇಕು: ಬೆಂಕಿ ಕೆಳಗೆ, ನೀರು ಮೇಲೆ, ನಡುವೆ ಲೋಹದ ಗೋಡೆ. ಅಪಾಯ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಾಗುತ್ತಿತ್ತು, ಹೊಗೆಯಾಗಿ ಮೂಗಿಗೂ ಬರುತ್ತಿತ್ತು. ವಿದ್ಯುತ್ತಿಗೆ ಅಂಥ ಯಾವ ಗುರುತೂ ಇಲ್ಲ. ಅದು ನೀರಿನೊಳಗೆ ಇಳಿದರೂ ನೀರಿನ ಬಣ್ಣ ಬದಲಾಗುವುದಿಲ್ಲ.

ಹಿತ್ತಲ ಡೆಕ್ಕಿನ ಚರಿತ್ರೆ ಕ್ಯಾಲಿಫೋರ್ನಿಯಾದ್ದು. ಎರಡನೆಯ ಮಹಾಯುದ್ಧದ ಹೊತ್ತಿನಿಂದಾಚೆಗೆ ಅಲ್ಲಿನ ಉದ್ಯಾನ ವಿನ್ಯಾಸಕಾರ ಥಾಮಸ್ ಚರ್ಚ್ ಮನೆಯ ಹಿಂಭಾಗವನ್ನು ಹೊರಗಿನ ಕೋಣೆಯಂತೆ ನೋಡತೊಡಗಿದ. ಸೋನೋಮಾದಲ್ಲಿ 1948ರಲ್ಲಿ ರೂಪುಗೊಂಡ ಅವನ ಡೊನೆಲ್ ಗಾರ್ಡನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಓಕ್ ಮರಗಳನ್ನು ಕಡಿಯದೆ, ಅವುಗಳ ಕಾಂಡಗಳಿಗೆ ಜಾಗ ಬಿಟ್ಟು ಸುತ್ತಲೂ ಹಲಗೆ ಹಾಸಲಾಗಿದೆ. ಇಳಿಜಾರಿನ ನೆಲವನ್ನು ಸಮ ಮಾಡುವ ಗೋಜಿಲ್ಲದೆ ಕೂರಲು ಜಾಗ ಮಾಡಿಕೊಳ್ಳುವ ಈ ಉಪಾಯ ಬಹುಬೇಗ ಸಾಮಾನ್ಯರ ಮನೆಗೂ ಬಂತು. 1960ರ ದಶಕದಲ್ಲಿ ಅದೇ ಕ್ಯಾಲಿಫೋರ್ನಿಯಾದ ಕೆಲವರು ದ್ರಾಕ್ಷಾರಸ ತುಂಬಿಡುವ ಹಳೆಯ ಮರದ ಪೀಪಾಯಿಗಳನ್ನು ತಂದು, ಬಿಸಿನೀರು ತುಂಬಿಸಿ, ಗೆಳೆಯರೊಂದಿಗೆ ಕೂರತೊಡಗಿದರು. ಜಪಾನಿನ ಫುರೋದ ನೆನಪು ಅದರಲ್ಲಿತ್ತು. ಹಾಟ್ ಟಬ್ ಹುಟ್ಟಿದ್ದು ಹೀಗೆ, ಕಂಪನಿಯ ಕಾರ್ಖಾನೆಯಲ್ಲಲ್ಲ, ಹಿತ್ತಲಿನಲ್ಲಿ.

ನೀರನ್ನು ಗುಳುಗುಳು ಎನ್ನಿಸುವ ಪಂಪಿನ ಕಥೆ ಬೇರೆ. ಇಟಲಿಯ ಉತ್ತರದಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಝಿ ಮನೆತನದ ಏಳು ಸಹೋದರರು ಮೊದಲು ವಿಮಾನದ ಪ್ರೊಪೆಲರ್ ಮಾಡುತ್ತಿದ್ದರು, ಆಮೇಲೆ ವಿಮಾನವನ್ನೇ ಮಾಡಿದರು. 1921ರಲ್ಲಿ ಅವರ ವಿಮಾನ ಮೊಡೆಸ್ಟೊ ಹತ್ತಿರ ಬಿದ್ದು ಸಹೋದರರಲ್ಲಿ ಒಬ್ಬನಾದ ಜೊಕೊಂಡೊ ತೀರಿಹೋದ. ಮನೆಯವರು ಆಕಾಶದ ಸಹವಾಸವೇ ಬೇಡವೆಂದು ಬಾವಿಯ ಕಡೆ ತಿರುಗಿದರು. ಆಳದ ನೀರೆತ್ತುವ ಕೃಷಿ ಪಂಪುಗಳು ಅವರ ಕಸುಬಾಯಿತು. ಮುಂದೆ ಕಿರಿಯ ತಮ್ಮ ಕ್ಯಾಂಡಿಡೊ ಜಕೂಝಿಯ ಮಗ ಕೆನೆತ್‌ಗೆ ಎಳವೆಯಲ್ಲೇ ಕೀಲುವಾತ ಹಿಡಿಯಿತು. ಆಸ್ಪತ್ರೆಯಲ್ಲಿ ಕಲಕುವ ಬಿಸಿನೀರಿನಲ್ಲಿ ಕೂರಿಸಿದಾಗ ಮಗುವಿಗೆ ಹಾಯೆನಿಸುತ್ತಿತ್ತು. ಮನೆಯ ಸ್ನಾನದ ತೊಟ್ಟಿಯಲ್ಲೇ ಇಟ್ಟು ನೀರು ಕಲಕುವಂಥ ಚಿಕ್ಕ ಪಂಪೊಂದನ್ನು ತಂದೆ 1940ರ ದಶಕದ ಕೊನೆಗೆ ಮಾಡಿದ. 1956ರಲ್ಲಿ ಅದು ಜೆ-300 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಮನೆತನದ ಮುಂದಿನ ತಲೆಮಾರಿನ ರಾಯ್ ಜಕೂಝಿ, ನೀರಿನ ಚಿಲುಮೆಗಳನ್ನು ಗೋಡೆಯಲ್ಲೇ ಅಡಗಿಸಿದ ತೊಟ್ಟಿಯನ್ನು ತಂದ. ಮನೆತನದ ಹೆಸರೇ ವಸ್ತುವಿನ ಹೆಸರಾಗಿ ಎಲ್ಲೆಡೆ ಹರಡಿತು.

ಪೀಪಾಯಿ ಮತ್ತು ಪಂಪು ಕೂಡಿದವು. ನೀರು ಕಾಯಿಸುವ ಕೆಲಸವೂ ನಿಧಾನವಾಗಿ ಸೌದೆ, ಗ್ಯಾಸುಗಳಿಂದ ವಿದ್ಯುತ್ತಿಗೆ ಬಂತು. ಇವತ್ತಿನ ತೊಟ್ಟಿಯಲ್ಲಿ ಪಂಪು, ಹೀಟರು, ದೀಪ ಎಲ್ಲವೂ ಕುಳಿತವರ ಬೆನ್ನ ಹಿಂದೆ ಒಂದೇ ಪೆಟ್ಟಿಗೆಯಲ್ಲಿವೆ. ನೆನೆದ ಮೈಯ ಮನುಷ್ಯ, ಅವನ ಗೇಣುದೂರದಲ್ಲಿ 240 ವೋಲ್ಟು. ಈ ಏರ್ಪಾಡು ಜನಪ್ರಿಯವಾಗಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕಿತ್ತು: ಮನುಷ್ಯನ ಮೈ ಎಷ್ಟು ಕರೆಂಟನ್ನು ತಡೆದೀತು?

ಅಲ್ಲಿಯವರೆಗಿನ ವಿದ್ಯುತ್ ನಿಯಮಗಳು ಈ ಪ್ರಶ್ನೆಯನ್ನು ನೇರವಾಗಿ ಕೇಳಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1897ರಲ್ಲಿ ಬಂದಾಗ ಅದರ ಹಿಂದಿದ್ದ ದೊಡ್ಡ ಭಯ ಬೆಂಕಿಯದು. ವಿದ್ಯುದ್ದೀಪಗಳಿಂದ ಕಟ್ಟಡಗಳು ಹೊತ್ತಿ ಉರಿಯುವುದನ್ನು ಕಂಡು ವಿಮೆಯವರು ಕಂಗೆಟ್ಟಿದ್ದರು. ಹೀಗಾಗಿ ಫ್ಯೂಸು ಹುಟ್ಟಿದ್ದೇ ವೈರು ಕಾಯದಂತೆ ನೋಡಿಕೊಳ್ಳಲು. 15 ಆಂಪಿಯರಿನ ಫ್ಯೂಸು 15 ಆಂಪಿಯರ್ ದಾಟುವವರೆಗೆ ಸುಮ್ಮನಿರುತ್ತದೆ. ಮನುಷ್ಯನ ಎದೆಯ ಮೂಲಕ ಹಾಯ್ದರೆ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೇ ಪ್ರಾಣ ತೆಗೆಯಬಲ್ಲದು. ಅಂದರೆ ಫ್ಯೂಸು ಕಾಯುವುದು ಮನೆಯನ್ನು, ಮನೆಯವರನ್ನಲ್ಲ.

ಈ ಅಂತರವನ್ನು ಅಳೆಯಲು ಹೊರಟವನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್. ನಮ್ಮಲ್ಲಿ ಎರಡು ಮಾತುಗಳಿವೆ: ಕರೆಂಟು ಹೊಡೆಯಿತು, ಕರೆಂಟು ಎಳೆದುಕೊಂಡಿತು. ಡಾಲ್ಜೀಲ್ ಅಳೆಯಲು ಹೊರಟಿದ್ದು ಈ ಎರಡನೆಯದನ್ನು. ನಿಜದಲ್ಲಿ ಕರೆಂಟು ಯಾರನ್ನೂ ಎಳೆಯುವುದಿಲ್ಲ. ಮುಂಗೈಯಲ್ಲಿ ಬೆರಳು ಮಡಚುವ ಸ್ನಾಯುಗಳು ಬೆರಳು ಬಿಚ್ಚುವ ಸ್ನಾಯುಗಳಿಗಿಂತ ಬಲವಾಗಿವೆ. ಕರೆಂಟು ಎರಡನ್ನೂ ಒಟ್ಟಿಗೆ ಕೆರಳಿಸಿದಾಗ ಮಡಚುವುದೇ ಗೆಲ್ಲುತ್ತದೆ. ತಂತಿ ಹಿಡಿದ ಕೈ ತಾನಾಗಿ ಇನ್ನಷ್ಟು ಬಿಗಿಯುತ್ತದೆ. ಬಿಡಬೇಕೆಂದು ಮನಸ್ಸು ಕೂಗುತ್ತಿದ್ದರೂ ಕೈ ಕೇಳುವುದಿಲ್ಲ.

ಈ ಹಂತ ಎಷ್ಟು ಕರೆಂಟಿಗೆ ಬರುತ್ತದೆ? 1940ರ ದಶಕದಲ್ಲಿ ಡಾಲ್ಜೀಲ್ ಸ್ವಇಚ್ಛೆಯಿಂದ ಮುಂದೆ ಬಂದವರ ಕೈಯನ್ನು ಉಪ್ಪುನೀರಿನಲ್ಲಿ ನೆನೆಸಿ, ತಾಮ್ರದ ತಂತಿ ಹಿಡಿಸಿ, ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ತಂತಿ ಬಿಡಲು ಹೇಳುತ್ತಿದ್ದ. 134 ಗಂಡಸರು, 28 ಹೆಂಗಸರು ಈ ಪರೀಕ್ಷೆಗೆ ಮೈಯೊಡ್ಡಿದರು. ಸರಾಸರಿಯಾಗಿ ಗಂಡಸರಿಗೆ 16 ಮಿಲಿಆಂಪಿಯರಿನವರೆಗೆ, ಹೆಂಗಸರಿಗೆ ಹತ್ತೂವರೆಯವರೆಗೆ ತಂತಿ ಬಿಡಲು ಸಾಧ್ಯವಾಯಿತು. ಆದರೆ ಸರಾಸರಿ ನಂಬಿ ಜೀವ ಕಾಯಲಾಗದು. ಸಾವಿರಕ್ಕೆ 995 ಜನ ಬಿಡಬಲ್ಲ ಮಟ್ಟವನ್ನು ಲೆಕ್ಕ ಹಾಕಿದಾಗ ಸಿಕ್ಕಿದ್ದು ಗಂಡಸರಿಗೆ 9, ಹೆಂಗಸರಿಗೆ 6. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. 5ರ ಅಂಕಿಯ ಬೇರು ಇಲ್ಲಿದೆ.

ಹೃದಯದ ಲಯವೇ ತಪ್ಪುವ ಕರೆಂಟನ್ನು ಮನುಷ್ಯರ ಮೇಲೆ ಪರೀಕ್ಷಿಸುವಂತಿರಲಿಲ್ಲ. ಅದಕ್ಕೆ ಕುರಿ, ಕರು, ನಾಯಿಗಳು ಬಲಿಯಾದವು. ಅಂಥ ಪ್ರಯೋಗಗಳ ಅಂಕಿಗಳಿಂದಲೇ ಡಾಲ್ಜೀಲ್ ಮನುಷ್ಯರಿಗೆ ಅನ್ವಯಿಸುವ ಸೂತ್ರ ತೆಗೆದ. ಬೆಚ್ಚಗೆ ನೀರಿನಲ್ಲಿ ಕುಳಿತವರಿಗೆ ಈ ಮೂಕಪ್ರಾಣಿಗಳ ಋಣವೂ ಇದೆ.

ಅಳತೆ ಸಿಕ್ಕಿತು, ಕಾವಲುಗಾರ ಸಿಗಬೇಕಿತ್ತು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಸೋರುವ ಕರೆಂಟನ್ನು ಪತ್ತೆಹಚ್ಚುವ ಸಾಧನ ರೂಪಿಸಿದ್ದ. ಡಾಲ್ಜೀಲ್ 1961ರಲ್ಲಿ ಮನೆಬಳಕೆಗೆ ಹೊಂದುವಷ್ಟು ಸೂಕ್ಷ್ಮವಾದ ಸಾಧನವೊಂದನ್ನು ಕಂಡುಹಿಡಿದ. ಅದರ ತತ್ತ್ವ ನಮ್ಮ ಹಳ್ಳಿಯ ನೀರಗಂಟಿಗೂ ಗೊತ್ತು: ತೂಬಿನಿಂದ ಬಿಟ್ಟಷ್ಟು ನೀರು ಕೊನೆಯ ಗದ್ದೆ ಮುಟ್ಟದಿದ್ದರೆ ನಡುವೆ ಎಲ್ಲೋ ಏರಿ ಒಡೆದಿದೆ. ಫೇಸ್ ವೈರಿನಲ್ಲಿ ಹೋದ ಕರೆಂಟು ನ್ಯೂಟ್ರಲ್ ವೈರಿನಲ್ಲಿ ಅಷ್ಟೇ ವಾಪಸು ಬರಬೇಕು. ಎರಡೂ ವೈರುಗಳು ಒಂದು ಉಂಗುರದೊಳಗಿಂದ ಹಾಯುತ್ತವೆ. ಲೆಕ್ಕ ಸರಿಯಿದ್ದರೆ ಉಂಗುರ ತಣ್ಣಗಿರುತ್ತದೆ. ಸ್ವಲ್ಪ ಕಡಿಮೆಯಾದರೂ, ಆ ಕಡಿಮೆಯಾದದ್ದು ಯಾರದೋ ಮೈಯಿಂದ ನೆಲಕ್ಕಿಳಿಯುತ್ತಿರಬಹುದೆಂದು ಭಾವಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ದಾರಿ ಕಡಿದುಹಾಕುತ್ತದೆ. 1968ರ ಸಂಹಿತೆ ಈಜುಕೊಳದ ನೀರೊಳಗಿನ ದೀಪಗಳಿಗೆ ಇಂಥ ಸಾಧನವನ್ನು ತಂದಿತು. ಮುಂದಿನ ವರ್ಷಗಳಲ್ಲಿ ಅದು ಬಚ್ಚಲುಮನೆಗೆ, ಹೊರಗಿನ ಪ್ಲಗ್ಗುಗಳಿಗೆ, ಹಾಟ್ ಟಬ್ಬಿಗೆ ಹಬ್ಬಿತು.

ಈಗ ಮತ್ತೆ ಡೆಕ್ಕಿಗೆ ಬಂದರೆ, ಅಲ್ಲಿ ನಡೆಯುವ ಕೆಲಸದ ಅರ್ಥ ಬೇರೆಯಾಗಿ ಕಾಣುತ್ತದೆ. ಮೊದಲು ಭಾರದ ಲೆಕ್ಕ. 1500 ಲೀಟರ್ ನೀರೆಂದರೆ 1500 ಕಿಲೋ. ತೊಟ್ಟಿಯ ತೂಕ, ಅದರಲ್ಲಿ ಕೂರುವ ಐದಾರು ಜನ ಸೇರಿದರೆ ಎರಡು ಟನ್ ದಾಟುತ್ತದೆ. ಸಾಮಾನ್ಯ ಡೆಕ್ಕನ್ನು ಚದರ ಮೀಟರಿಗೆ ಸುಮಾರು 200 ಕಿಲೋ ತಾಳುವಂತೆ ಕಟ್ಟಿರುತ್ತಾರೆ. ತೊಟ್ಟಿ ಹೇರುವುದು ಅದರ ಎರಡೂವರೆ ಪಟ್ಟು. ಹಾಗಾಗಿ ಹಲಗೆಯ ಕೆಳಗೆ ಹೊಸ ಕಂಬ, ತೊಲೆ, ಅಡಿಪಾಯ ಕೊಡಬೇಕು. ಇಲ್ಲವೆ ತೊಟ್ಟಿಯನ್ನು ನೆಲದ ಕಾಂಕ್ರೀಟಿನ ಮೇಲೆಯೇ ಕೂರಿಸಿ ಡೆಕ್ಕನ್ನು ಅದರ ಸುತ್ತ ಕಟ್ಟಬೇಕು. ಎರಡನೆಯದೇ ಹೆಚ್ಚು ಜಾಣತನದ್ದು.

ಆಮೇಲೆ ವೈರು. ಮನೆಯ ಮೇನ್ ಬೋರ್ಡಿನಿಂದ ತೊಟ್ಟಿಗೆ ಸಾಮಾನ್ಯವಾಗಿ 50 ಆಂಪಿಯರಿನ ಪ್ರತ್ಯೇಕ ಲೈನು ಎಳೆಯುತ್ತಾರೆ. ನಾಲ್ಕು ತಾಮ್ರದ ವೈರುಗಳು: ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ತಿಂಗ್. ಗುದ್ದಲಿಯ ಏಟು ತಾಗದಿರಲೆಂದು ಆ 18 ಇಂಚಿನ ಆಳ. ಒಳಗೆ ಕೂತವನು ಕೈಚಾಚಿ ಮುಟ್ಟದಿರಲೆಂದು ಸ್ವಿಚ್ಚಿಗೆ ಆ 5 ಅಡಿ. ರಿಪೇರಿಗೆ ಬಂದವನು ಕೆಲಸದಲ್ಲಿದ್ದಾಗ ಬೇರೊಬ್ಬರು ತಿಳಿಯದೆ ಸ್ವಿಚ್ಚು ಹಾಕದಿರಲೆಂದು ಅದು ಕಣ್ಣಳತೆಯಲ್ಲಿ.

ಕೊನೆಯದು ಬಾಂಡಿಂಗ್. ತೊಟ್ಟಿಯ ಲೋಹದ ಭಾಗಗಳು, ಪಂಪಿನ ಮೋಟರು, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು, ಇವನ್ನೆಲ್ಲ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆಯುವುದು. ಮಳೆಗಾಲದಲ್ಲಿ ವೈರು ಕಡಿದು ಬಿದ್ದ ಗದ್ದೆಯಲ್ಲಿ ಹಸು ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತದೆ. ಹಸು ತಂತಿ ಮುಟ್ಟಿರಲೇಬೇಕೆಂದಿಲ್ಲ. ಒದ್ದೆ ನೆಲದಲ್ಲಿ ಮುಂಗಾಲಿನ ಜಾಗಕ್ಕೂ ಹಿಂಗಾಲಿನ ಜಾಗಕ್ಕೂ ವೋಲ್ಟೇಜಿನ ವ್ಯತ್ಯಾಸವಿದ್ದರೆ ಕರೆಂಟು ಅದರ ಎದೆಯ ಮೂಲಕ ಹಾಯುತ್ತದೆ. ಕೊಲ್ಲುವುದು ವ್ಯತ್ಯಾಸ. ಬಾಂಡಿಂಗ್ ಆ ವ್ಯತ್ಯಾಸವನ್ನು ಅಳಿಸಲು ಮಾಡಿದ ಏರ್ಪಾಡು. ಒಂದು ಕಾಲು ನೀರಿನಲ್ಲಿ, ಒಂದು ಕಾಲು ಹೊರಗೆ ಇಟ್ಟವನಿಗೂ ಎರಡೂ ಕಡೆ ಒಂದೇ ಮಟ್ಟ ಸಿಗಬೇಕು.

ಇದೆಲ್ಲ ದೂರದ ಶ್ರೀಮಂತರ ಸಂಗತಿ ಎನಿಸಿದರೆ, ನಮ್ಮ ಹಾಸ್ಟೆಲುಗಳ ಬಚ್ಚಲನ್ನೊಮ್ಮೆ ನೆನೆಯಬೇಕು. ಪ್ಲಾಸ್ಟಿಕ್ ಬಕೆಟಿನಲ್ಲಿ ತೂಗಿಬಿಟ್ಟ ನೀರು ಕಾಯಿಸುವ ರಾಡು, ಒದ್ದೆ ನೆಲ, ಬರಿಗಾಲು. 1500 ವ್ಯಾಟಿನ ರಾಡು ಎಳೆಯುವುದು ಸುಮಾರು ಆರೂವರೆ ಆಂಪಿಯರ್. ಅದರ ಹಿಂದಿರುವ 16 ಆಂಪಿಯರಿನ ಎಂಸಿಬಿಗೆ ಒಬ್ಬ ಮನುಷ್ಯನ ಮೈಯಿಂದ ಹಾಯುವ ಕರೆಂಟು ಲೆಕ್ಕಕ್ಕೇ ಇಲ್ಲ. ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಫ್ಯೂಸನ್ನು ನಂಬಿದ ಹಳೆಯ ತಪ್ಪಿನ ಮುಂದುವರಿಕೆಯಷ್ಟೆ. ಬೇಕಾದದ್ದು ಡಾಲ್ಜೀಲನ ಸಾಧನದ ಸೋದರ, ನಾವು ಆರ್‌ಸಿಸಿಬಿ ಎನ್ನುವ ಪೆಟ್ಟಿಗೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು 30 ಮಿಲಿಆಂಪಿಯರಿನದು. ಅದು ಕೈ ಬಿಗಿಯುವುದನ್ನು ಪೂರ್ತಿ ತಪ್ಪಿಸಲಾರದು, ಆದರೆ ಹೃದಯದ ಲಯ ತಪ್ಪುವ ಮೊದಲೇ ಕರೆಂಟು ಕಡಿಯುತ್ತದೆ. ಹಾಟ್ ಟಬ್ಬಿಲ್ಲದ ಎಷ್ಟೋ ಮನೆಗಳಲ್ಲಿ ಹಾಟ್ ಟಬ್ಬಿನ ಅಪಾಯವಿದೆ. ಆ ಚಿಕ್ಕ ಪೆಟ್ಟಿಗೆ ಮಾತ್ರ ಇಲ್ಲ.

ಇರುವ ಮನೆಗಳಲ್ಲೂ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿ ನೋಡುವವರು ಕಡಿಮೆ. ಒತ್ತಿದರೆ ಪೆಟ್ಟಿಗೆ ತನ್ನೊಳಗೇ ಒಂದು ಸಣ್ಣ ಸೋರಿಕೆ ಹುಟ್ಟಿಸಿಕೊಂಡು, ಅದನ್ನು ಹಿಡಿದು, ಟಕ್ ಎಂದು ಮನೆಯ ದೀಪ ಆರಿಸಬೇಕು. ಆರದಿದ್ದರೆ ಅದು ಕೆಟ್ಟಿದೆ ಎಂದರ್ಥ. ತಿಂಗಳಿಗೊಮ್ಮೆ ಒತ್ತಿ ನೋಡಲು ಒಂದು ನಿಮಿಷ ಸಾಕು.