ಖಾನೆಗಳ ಮೇಲಿನ ಊರುಗಳು

ವ್ಯಾಪಾರ ಕಲಿಯಲು ಪರದೇಶಕ್ಕೆ ಹೋದವರು ದೊಡ್ಡ ಕಂಪನಿಯ ಕೇಂದ್ರ ಕಚೇರಿಗೆ ಭೇಟಿ ಕೊಡುವುದನ್ನು ಬರೀ ಪ್ರವಾಸವೆಂದು ತಳ್ಳಿಹಾಕುವುದು ತಪ್ಪು. ಅದು ಬಹಳ ಹಳೆಯ ಕಲಿಕೆ. ಜರ್ಮನ್ ವರ್ತಕರ ಮಕ್ಕಳು ಲೆಕ್ಕ ಕಲಿಯಲು ವೆನಿಸ್‌ಗೆ ಹೋಗುತ್ತಿದ್ದರು. ಗಣಿತಜ್ಞ ಲೂಕಾ ಪಚೋಲಿಯ ದ್ವಿನಮೂದು (ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ) ಲೆಕ್ಕದ ಪಾಠ 1494ರಲ್ಲಿ ಅಚ್ಚಾದದ್ದೂ ಅಲ್ಲೇ. ಪುಸ್ತಕವೇ ಇದ್ದ ಮೇಲೆ ಕಚೇರಿ ನೋಡುವುದೇಕೆ? ಉತ್ತರ ಒಂದು ಹಳೆಯ ಚಿತ್ರದಲ್ಲಿದೆ. ಇಟಲಿಯಲ್ಲಿ ಲೆಕ್ಕ ಕಲಿತು ಬಂದ ಮಥೇಯಸ್ ಶ್ವಾರ್ಟ್ಸ್ 1516ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನ ದೊಡ್ಡ ವರ್ತಕ ಯಾಕೋಬ್ ಫುಗ್ಗರನ ಬಳಿ ಕೆಲಸಕ್ಕೆ ಸೇರಿದ. ಶ್ವಾರ್ಟ್ಸ್ ಬರೆಸಿದ ಆ ಚಿತ್ರದಲ್ಲಿ ಧಣಿ ಮತ್ತು ಗುಮಾಸ್ತನ ಜೊತೆಗೆ ಒಂದು ಬೀರುವಿದೆ. ಅದರ ಖಾನೆಗಳ ಮೇಲೆ ರೋಮ್, ವೆನಿಸ್, ಲಿಸ್ಬನ್ ಮುಂತಾದ ಊರುಗಳ ಹೆಸರುಗಳಿವೆ. ದೂರದೂರದ ಲೆಕ್ಕವೆಲ್ಲ ಒಂದೇ ಕೋಣೆಗೆ ಬಂದು ಸೇರುವ ಬಗೆಯನ್ನು ನನ್ನ ಮಟ್ಟಿಗೆ ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳದು. ಕಂಪನಿ ತನಗೆ ಬೇಕಾದ್ದನ್ನಷ್ಟೇ ತೋರಿಸುತ್ತದೆ ಎಂಬ ಆಕ್ಷೇಪ ನಿಜವೇ. ಆದರೂ ಯಾವ ಊರಿಗೆ ಖಾನೆಯಿದೆ, ಯಾವುದಕ್ಕಿಲ್ಲ ಎಂಬುದು ಕಣ್ಣಿಟ್ಟು ನೋಡಿದವನಿಗೆ ಕಂಡೇ ಕಾಣುತ್ತದೆ.